ಹಳೆಯ ಗೋಡೆಗೆ ಹೊಸ ಗಾರೆ

ಮಳೆಗಾಲ ಕಳೆದು ಬಿಸಿಲು ಬಿದ್ದ ದಿನಗಳಲ್ಲಿ ನಮ್ಮ ಊರುಗಳ ಹಳೆಯ ಬೀದಿಗಳಲ್ಲಿ ನಿಧಾನವಾಗಿ ನಡೆದು ಹೋದರೆ, ಮನೆಗಳ ಹೊರಗೋಡೆಗಳು ತಮ್ಮ ಕಥೆಯನ್ನು ತಾವೇ ಹೇಳುವಂತೆ ತೋರುತ್ತದೆ. ಸುಣ್ಣ ಬಳಿದ ಬಿಳಿಯ ಗೋಡೆಯ ನಡುವೆ, ಕಂಬಳಿಗೆ ಹಾಕಿದ ತೇಪೆಯಂತೆ, ಅಲ್ಲಲ್ಲಿ ಬೂದುಬಣ್ಣದ ಸಿಮೆಂಟಿನ ತುಂಡುಗಳು ಕಾಣುತ್ತವೆ. ಹತ್ತಿರ ಹೋಗಿ ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ತೇಪೆಯೇನೋ ಗಟ್ಟಿಯಾಗಿಯೇ ಇದೆ. ಆದರೆ ಅದರ ಸುತ್ತಲಿನ ಗೋಡೆ ಪುಡಿಪುಡಿಯಾಗಿ ಉದುರುತ್ತಿದೆ. ಕಾಯಿಲೆಯನ್ನು ಗುಣಪಡಿಸಲೆಂದು ಹಾಕಿದ ಮದ್ದು ತಾನು ಮಾತ್ರ ಕ್ಷೇಮವಾಗಿದ್ದು, ರೋಗಿಯನ್ನು ಕೃಶಗೊಳಿಸಿದಂತಾಗಿದೆ.

ಇದು ಹೇಗಾಯಿತು? ಗಟ್ಟಿಯಾದ ವಸ್ತುವಿನಿಂದ ದುರಸ್ತಿ ಮಾಡಿದರೆ ಗೋಡೆ ಗಟ್ಟಿಯಾಗಬೇಕಲ್ಲವೆ? ಸಾಮಾನ್ಯವಾಗಿ ಎಲ್ಲರೂ ಹೀಗೆಯೇ ಯೋಚಿಸುತ್ತಾರೆ. ಆದರೆ ಈ ಯೋಚನೆ ತಪ್ಪೆಂದು ನಮ್ಮ ಅಭಿಪ್ರಾಯ. ಹಳೆಯ ಗೋಡೆಯ ಮೇಲಿನ ಗಾರೆಯು ಗೋಡೆಗಿಂತ ಮೃದುವಾಗಿರಬೇಕು. ತೇವವನ್ನು ಒಳಗೆ ಕಟ್ಟಿಹಾಕದೆ ಹೊರಕ್ಕೆ ಬಿಡುವಂತಿರಬೇಕು. ಮತ್ತು ಕರಣೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂಬುದನ್ನು ಕಂಡುಹಿಡಿಯಬೇಕು. ಈ ಮೂರು ಮಾತುಗಳಿಗೆ ವಿಜ್ಞಾನದ ಆಧಾರವೇನೆಂಬುದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ನಿಜವಾದ ಉದಾಹರಣೆಯನ್ನು ಹೇಳುತ್ತೇವೆ. ನಮ್ಮ ಪರಿಚಿತರೊಬ್ಬರಿಗೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಅವರ ಅಜ್ಜನವರು ಕಟ್ಟಿಸಿದ ಮನೆಯಿದೆ. ನಾಡ ಇಟ್ಟಿಗೆಯ ಗೋಡೆ, ಅದಕ್ಕೆ ಸುಣ್ಣದ ಗಾರೆ, ಮೇಲೆ ಹಂಚಿನ ಮಾಡು. ಬೀದಿಯ ಕಡೆಯ ಗೋಡೆಯ ಬುಡದಲ್ಲಿ ಗಾರೆ ಉದುರತೊಡಗಿದಾಗ ಅವರು ಉಳಿದವರಂತೆಯೇ ಸಿಮೆಂಟು ಗಾರೆ ಹಾಕಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಗಾರೆಯ ಮೇಲಂಚಿನ ಉದ್ದಕ್ಕೂ ತೇವದ ಪಟ್ಟೆ ಮೂಡಿತು. ಆಗ ಇನ್ನೂ ಎರಡಡಿ ಎತ್ತರಕ್ಕೆ ಸಿಮೆಂಟು ಮೆತ್ತಿಸಿದರು. ತೇವವೂ ಎರಡಡಿ ಮೇಲೇರಿತು. ಮೂರನೆಯ ಸಲ ನೀರು ನುಗ್ಗದಂತೆ ತಡೆಯುವ ಬಣ್ಣವನ್ನೂ ಹಚ್ಚಿಸಿದ್ದಾಯಿತು. ಮರುವರ್ಷ ಗಾರೆಯ ದೊಡ್ಡ ಹೆಪ್ಪಳಿಕೆಯೊಂದು ಇಟ್ಟಿಗೆಯ ಮುಖವನ್ನೇ ಕಿತ್ತುಕೊಂಡು ಕೆಳಕ್ಕೆ ಬಿತ್ತು. ಬಂದು ನೋಡಿದವರೊಬ್ಬರು, "ಗೋಡೆ ಸತ್ತಿದೆ, ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟುವುದು ಲೇಸು" ಎಂದು ಹೇಳಿ ಹೋದರು. ಇಷ್ಟು ವರ್ಷಗಳಲ್ಲಿ ಮರಳನ್ನು ದೂರಿದವರುಂಟು, ಸಿಮೆಂಟನ್ನು ದೂರಿದವರುಂಟು, ಕೆಲಸಗಾರನನ್ನು ದೂರಿದವರುಂಟು. ನೀರು ಎಲ್ಲಿಂದ ಬಂತೆಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಈ ಮನೆಯ ಗತಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಸುಣ್ಣದ ಗಾರೆಯೆಂದರೇನು ಎಂಬುದನ್ನು ತಿಳಿಯೋಣ.

ಸುಣ್ಣಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ವಸ್ತು. ಕರಾವಳಿಯಲ್ಲಿ ಕಲ್ಲಿಗೆ ಬದಲಾಗಿ ಚಿಪ್ಪನ್ನು ಬಳಸುತ್ತಿದ್ದರು. ಅದೂ ಇದೇ ವಸ್ತುವೇ. ಇದನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಅನಿಲವು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ ಕಲ್ಲು 100 ಕಿಲೋಗ್ರಾಂ ಇದ್ದರೆ ಸುಣ್ಣ 56 ಕಿಲೋಗ್ರಾಂ, ಹೊರಟ ಅನಿಲ 44 ಕಿಲೋಗ್ರಾಂ. ಸುಟ್ಟ ಸುಣ್ಣಕ್ಕೆ ನೀರೆರೆದರೆ ಅದು ಕುದಿದು, ಬಿರಿದು, ಅರಳುತ್ತದೆ. 56 ಪಾಲು ಸುಣ್ಣ 18 ಪಾಲು ನೀರನ್ನು ಹೀರಿ 74 ಪಾಲು ಅರಳಿದ ಸುಣ್ಣವಾಗುತ್ತದೆ. ಇದನ್ನು ಮರಳಿನೊಡನೆ ಕಲಸಿ, ಅರೆದು, ಗೋಡೆಗೆ ಮೆತ್ತಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಕಲ್ಲು ಸುಣ್ಣವಾಗಿ, ಸುಣ್ಣ ಗಾರೆಯಾಗಿ, ಗಾರೆ ಪುನಃ ಕಲ್ಲಾಗುತ್ತದೆ.

ಈ ಕ್ರಿಯೆಯನ್ನು ನೀವೆಲ್ಲರೂ ಪ್ರಯೋಗಶಾಲೆಯಲ್ಲಿ ಕಂಡಿದ್ದೀರಿ. ಸುಣ್ಣದ ತಿಳಿನೀರಿನೊಳಕ್ಕೆ ಕೊಳವೆಯಿಂದ ಉಸಿರನ್ನು ಊದಿದರೆ ನೀರು ಹಾಲಿನಂತಾಗುತ್ತದೆ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ತೋರಿಸಲು ಉಪಾಧ್ಯಾಯರು ಮಾಡಿಸುವ ಈ ಪ್ರಯೋಗವೇ ಹಳೆಯ ಮನೆಗಳ ಗೋಡೆಯ ಮೇಲೆ ತಿಂಗಳುಗಟ್ಟಲೆ ನಡೆದಿದೆ. ಗಾಳಿಯಲ್ಲಿ ಆ ಅನಿಲ ನೂರಕ್ಕೆ 0.04 ಪಾಲು ಮಾತ್ರ ಇರುವುದರಿಂದ ಸುಣ್ಣದ ಗಾರೆ ಗಟ್ಟಿಯಾಗುವುದು ನಿಧಾನ. ಅದಲ್ಲದೆ ಈ ಕ್ರಿಯೆಗೆ ಕೊಂಚ ತೇವವೂ ಬೇಕು. ಬಿಸಿಲಿಗೆ ಸಿಕ್ಕಿ ಬೇಗನೆ ಒಣಗಿದ ಸುಣ್ಣದ ಗಾರೆ ಕಲ್ಲಾಗದೆ ಬರಿಯ ಪುಡಿಯಾಗುವುದು ಈ ಕಾರಣದಿಂದ. ಹಿಂದಿನ ಗಾರೆಯವರು ಹೊಸ ಗೋಡೆಗೆ ಗೋಣಿತಾಟು ಹೊದಿಸಿ ನೀರು ಚಿಮುಕಿಸುತ್ತಿದ್ದುದು ರಸಾಯನ ಶಾಸ್ತ್ರವನ್ನು ಓದಿ ಅಲ್ಲ. ಆದರೆ ಅವರು ಮಾಡುತ್ತಿದ್ದುದು ಶಾಸ್ತ್ರಸಮ್ಮತವಾಗಿಯೇ ಇತ್ತು.

ಇನ್ನು ಸಿಮೆಂಟಿನ ವಿಷಯ. ಇಂಗ್ಲೆಂಡಿನ ಜಾನ್ ಸ್ಮೀಟನ್ ಎಂಬ ಎಂಜಿನಿಯರು 1756ರಿಂದ 1759ರವರೆಗೆ ಎಡಿಸ್ಟನ್ ದೀಪಸ್ತಂಭವನ್ನು ಕಟ್ಟಿದಾಗ, ಜೇಡಿ ಬೆರೆತ ಸುಣ್ಣಕಲ್ಲನ್ನು ಸುಟ್ಟರೆ ದೊರೆಯುವ ಸುಣ್ಣವು ನೀರಿನೊಳಗೂ ಗಟ್ಟಿಯಾಗುವುದೆಂಬುದನ್ನು ಕಂಡುಕೊಂಡನು. ಆ ದಾರಿಯಲ್ಲಿಯೇ ಮುಂದೆ ಹೋಗಿ 1824ರಲ್ಲಿ ಲೀಡ್ಸ್ ಪಟ್ಟಣದ ಜೋಸೆಫ್ ಆಸ್ಪ್‌ಡಿನ್ 'ಪೋರ್ಟ್‌ಲೆಂಡ್ ಸಿಮೆಂಟ್' ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಸಿಮೆಂಟನ್ನು ಸುಮಾರು 1450 ಡಿಗ್ರಿ ಉಷ್ಣತೆಯಲ್ಲಿ ಸುಡುತ್ತಾರೆ. ಅದು ಗಟ್ಟಿಯಾಗುವುದಕ್ಕೆ ಗಾಳಿ ಬೇಡ, ನೀರಿನೊಡನೆ ನಡೆಯುವ ಕ್ರಿಯೆಯೇ ಸಾಕು. ಆದುದರಿಂದ ಗಂಟೆಗಳಲ್ಲಿ ಬಿಗಿಯಾಗುತ್ತದೆ, ದಿನಗಳಲ್ಲಿ ಬಲ ಪಡೆಯುತ್ತದೆ. ಅಣೆಕಟ್ಟಿಗೆ, ಸೇತುವೆಗೆ, ಬಹುಮಹಡಿಯ ಕಟ್ಟಡಕ್ಕೆ ಇದರಷ್ಟು ಯೋಗ್ಯವಾದ ವಸ್ತು ಮತ್ತೊಂದಿಲ್ಲ. ಸಿಮೆಂಟನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಒಳ್ಳೆಯ ವಸ್ತುವನ್ನು ಸಲ್ಲದ ಜಾಗದಲ್ಲಿ ಬಳಸುವುದನ್ನು ಮಾತ್ರ ನಾವು ಆಕ್ಷೇಪಿಸುತ್ತೇವೆ.

ಏಕೆ ಸಲ್ಲದು? ನೀರಿನ ನಡೆಯನ್ನು ನೋಡಿದರೆ ಇದು ತಿಳಿಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ ಇಟ್ಟಿಗೆಯ ಗೋಡೆ ನೆಲದ ತೇವವನ್ನು ಮೇಲಕ್ಕೆ ಸೆಳೆಯುತ್ತದೆ. ಇದನ್ನು ಲೋಮನಾಳಾಕರ್ಷಣೆ ಎನ್ನುತ್ತಾರೆ. ನಾಳ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಗಾಜಿನ ನಾಳದಲ್ಲಿ ನೀರು ಸುಮಾರು ಒಂದೂವರೆ ಸೆಂಟಿಮೀಟರ್ ಏರಿದರೆ, ಅದರ ನೂರನೆಯ ಒಂದು ಪಾಲಿನಷ್ಟು ತ್ರಿಜ್ಯದ ನಾಳದಲ್ಲಿ ಲೆಕ್ಕದ ಪ್ರಕಾರ ಒಂದೂವರೆ ಮೀಟರ್ ಏರುತ್ತದೆ. ಇಟ್ಟಿಗೆಯೊಳಗಿನ ರಂಧ್ರಗಳು ಅಷ್ಟೇ ಸೂಕ್ಷ್ಮವಾಗಿರುವುದರಿಂದ, ತಳಪಾಯದಲ್ಲಿ ತೇವ ತಡೆಯುವ ಪದರವಿಲ್ಲದ ಹಳೆಯ ಮನೆಗಳ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಏರಿದ ನೀರು ಎಲ್ಲಿಯೂ ನಿಲ್ಲದೆ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿದ್ದರೆ ಗೋಡೆ ಒಂದು ಸಮತೋಲದಲ್ಲಿ ಬದುಕುತ್ತದೆ. ಸುಣ್ಣದ ಗಾರೆ ಈ ಆವಿಗೆ ದಾರಿ ಕೊಡುತ್ತದೆ. ಸಿಮೆಂಟಿನ ಗಾರೆ ಅಷ್ಟು ಸುಲಭವಾಗಿ ದಾರಿ ಕೊಡುವುದಿಲ್ಲ. ಮುಂದಿನ ಬಾಗಿಲು ಮುಚ್ಚಿದಾಗ ನೀರು ಇನ್ನೂ ಮೇಲಕ್ಕೆ ಏರಿ, ತೇಪೆಯ ಅಂಚನ್ನು ದಾಟಿ, ಹಳೆಯ ಗಾರೆಯಿರುವಲ್ಲಿ ಹೊರಬರುತ್ತದೆ. ನಮ್ಮ ಪರಿಚಿತರ ಗೋಡೆಯಲ್ಲಿ ಸಿಮೆಂಟು ಏರಿದಂತೆಲ್ಲ ತೇವವೂ ಏರಿದ ರಹಸ್ಯ ಇದೇ.

ನೀರು ಬರಿಗೈಯಲ್ಲಿ ಬರುವುದಿಲ್ಲವೆಂಬುದು ಎರಡನೆಯ ತೊಂದರೆ. ಮಣ್ಣಿನಲ್ಲಿಯೂ ಇಟ್ಟಿಗೆಯಲ್ಲಿಯೂ ಇರುವ ಲವಣಗಳನ್ನು ಅದು ಕರಗಿಸಿಕೊಂಡು ತರುತ್ತದೆ. ಸಿಮೆಂಟು ಹಾಕಿದಲ್ಲಿ ಅದರೊಳಗಿನ ಕರಗಬಲ್ಲ ಸಲ್ಫೇಟುಗಳೂ ಇದಕ್ಕೆ ಸೇರುತ್ತವೆ. ನೀರು ಆವಿಯಾದ ಜಾಗದಲ್ಲಿ ಲವಣ ಹರಳುಗಟ್ಟುತ್ತದೆ. ಗೋಡೆಯ ಮೇಲೆ ಬಿಳಿಯ ಹುಡಿಯಂತೆ ಕಾಣುವುದು ಇದೇ. ಹುಡಿ ಹೊರಮೈಯಲ್ಲಿದ್ದರೆ ಅಷ್ಟು ಅಪಾಯವಿಲ್ಲ. ಹರಳು ರಂಧ್ರಗಳ ಒಳಗೆ ಬೆಳೆದಾಗಲೇ ವಿಪತ್ತು. ಉದಾಹರಣೆಗೆ ಸೋಡಿಯಂ ಸಲ್ಫೇಟನ್ನು ನೋಡಿ. ಅದರ ಒಣ ಹರಳು ನೀರನ್ನು ಕೂಡಿಕೊಂಡಾಗ ಅಣುವೊಂದಕ್ಕೆ ಹತ್ತು ನೀರಿನ ಅಣುಗಳು ಸೇರಿ ಮೊದಲಿನ ಸುಮಾರು ನಾಲ್ಕು ಪಟ್ಟು ಜಾಗವನ್ನು ಬೇಡುತ್ತವೆ. ಮಳೆಗೂ ಬಿಸಿಲಿಗೂ ಸಿಕ್ಕಿ ಇದು ಮತ್ತೆ ಮತ್ತೆ ನಡೆದರೆ ಇಟ್ಟಿಗೆಯೂ ಸಿಡಿಯಬೇಕಾದುದೇ. ಸುಣ್ಣದ ಗಾರೆಯಿದ್ದರೆ ಈ ಯುದ್ಧ ಬಹುಮಟ್ಟಿಗೆ ಗಾರೆಯಲ್ಲಿ ನಡೆದು, ಗಾರೆ ನಾಶವಾಗಿ, ಗೋಡೆ ಉಳಿಯುತ್ತದೆ. ಸಿಮೆಂಟಿದ್ದರೆ ಯುದ್ಧ ಅದರ ಹಿಂದೆ, ಇಟ್ಟಿಗೆಯ ಮುಖದಲ್ಲಿ ನಡೆಯುತ್ತದೆ. ಕೊನೆಗೆ ಗಾರೆ ಬೀಳುವಾಗ ಒಂಟಿಯಾಗಿ ಬೀಳದೆ ಇಟ್ಟಿಗೆಯನ್ನೂ ಕರೆದುಕೊಂಡು ಬೀಳುತ್ತದೆ.

ಮೂರನೆಯದು ಉಷ್ಣದಿಂದಾಗುವ ಹಿಗ್ಗುವಿಕೆ. ಹೊರಗೋಡೆಯ ಮೈ ಹಗಲು ಕಾದು ರಾತ್ರಿ ತಣ್ಣಗಾಗುತ್ತದೆ. ಮೂರು ಮೀಟರ್ ಉದ್ದದ ಸಿಮೆಂಟು ಗಾರೆ 30 ಡಿಗ್ರಿ ಕಾದರೆ ಸುಮಾರು ಒಂದು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅಷ್ಟೇ ಉದ್ದದ ಇಟ್ಟಿಗೆಯ ಗೋಡೆ ಅದರ ಅರ್ಧದಷ್ಟು ಹಿಗ್ಗಬಹುದು. ಅಂಟಿಕೊಂಡಿರುವ ಎರಡು ವಸ್ತುಗಳು ಬೇರೆಬೇರೆಯಾಗಿ ಹಿಗ್ಗಿ ಕುಗ್ಗಿದಾಗ ಬಲವಾದುದು ದುರ್ಬಲವಾದುದನ್ನು ಎಳೆದು ಹರಿಯುತ್ತದೆ. ಸುಣ್ಣದ ಗಾರೆ ಕೊಂಚ ಬಾಗಿಕೊಡುತ್ತದೆ, ಸಿಮೆಂಟು ಬಿರಿಯುತ್ತದೆ. ಆ ಕೂದಲೆಳೆಯ ಬಿರುಕು ಮಳೆಯ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆದರೆ ಹೊರಕ್ಕೆ ಬಿಡುವುದಿಲ್ಲ.

ಆದುದರಿಂದಲೇ ಗಾರೆ ಗೋಡೆಗಿಂತ ಮೃದುವಾಗಿರಬೇಕೆಂದು ನಾವು ಹೇಳಿದೆವು. ವಿದ್ಯುತ್ ಮಂಡಲದಲ್ಲಿ ಫ್ಯೂಸ್ ತಂತಿ ಏಕಿದೆ? ಅದು ತಾನು ಸುಟ್ಟುಹೋಗಿ ಉಳಿದುದನ್ನು ಕಾಪಾಡಲೆಂದು ಇದೆ. ಪದೇ ಪದೇ ಸುಡುತ್ತದೆಯೆಂದು ಅದರ ಜಾಗದಲ್ಲಿ ದಪ್ಪ ತಂತಿಯನ್ನು ಹಾಕುವವನನ್ನು ನಾವು ಅವಿವೇಕಿ ಎನ್ನುತ್ತೇವೆ. ಉದುರುತ್ತದೆಯೆಂದು ಸುಣ್ಣದ ಗಾರೆಯನ್ನು ಕಿತ್ತು ಸಿಮೆಂಟು ಮೆತ್ತಿಸುವವರನ್ನು ಮಾತ್ರ ಜಾಣರೆನ್ನುತ್ತೇವೆ! ಗಾರೆ ಉದುರುವುದು ಒಂದು ಎಚ್ಚರಿಕೆ. ಎಚ್ಚರಿಕೆಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದ ಮಾತ್ರಕ್ಕೆ ಬೆಂಕಿ ಆರಿಹೋಗುವುದಿಲ್ಲ.

ಹಾಗಾದರೆ ದುರಸ್ತಿಯ ಕ್ರಮವೇನು? ಮೊದಲನೆಯ ಕೆಲಸ ನೀರಿನ ಮೂಲವನ್ನು ಹುಡುಕುವುದು. ಗಾರೆ ಬಿದ್ದ ಜಾಗವೇ ಅರ್ಧ ಉತ್ತರವನ್ನು ಹೇಳುತ್ತದೆ. ಬುಡದಲ್ಲಿ ಬಿದ್ದರೆ ನೀರು ನೆಲದಿಂದ ಬಂದಿರಬೇಕು. ಗೋಡೆಗೆ ತಾಗಿಸಿ ಮಾಡಿದ ಹೂವಿನ ಪಾತಿ, ಕಟ್ಟಿಕೊಂಡ ಮೋರಿ, ವರ್ಷವರ್ಷವೂ ಎತ್ತರವಾಗುತ್ತ ಬಂದು ಜಗಲಿಯ ಮಟ್ಟಕ್ಕೇರಿದ ರಸ್ತೆ ಇವುಗಳನ್ನು ನೋಡಬೇಕು. ಮೇಲ್ಭಾಗದಲ್ಲಿ ಬಿದ್ದರೆ ಒಡೆದ ಹಂಚು, ತೂತುಬಿದ್ದ ದೋಣಿ, ಬಿರುಕುಬಿಟ್ಟ ಮೋಟುಗೋಡೆ ಇವುಗಳನ್ನು ನೋಡಬೇಕು. ಕಿಟಕಿಯ ಕೆಳಗೆ ಬಿದ್ದರೆ ಹೊಸ್ತಿಲಿನ ಇಳಿಜಾರನ್ನೂ, ಗೋಡೆಯ ನಡುವೆ ಬಿದ್ದರೆ ಒಳಗೆ ಹಾಯುವ ನಲ್ಲಿಯ ಕೊಳವೆಯನ್ನೂ ಪರೀಕ್ಷಿಸಬೇಕು. ನೀರನ್ನು ನಿಲ್ಲಿಸಿದ ಮೇಲೆ ಗೋಡೆಗೆ ಒಣಗಲು ಕಾಲ ಕೊಡಬೇಕು. ಈ ಕಾಯುವ ಕೆಲಸವೇ ಎಲ್ಲಕ್ಕಿಂತ ಕಷ್ಟವಾದುದು. ಏಕೆಂದರೆ ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ಆಮೇಲೆ ಬೆರಳ ಗೆಣ್ಣಿನಿಂದಲೋ ಮರದ ಸುತ್ತಿಗೆಯ ಹಿಡಿಯಿಂದಲೋ ಗಾರೆಯನ್ನು ತಟ್ಟಿನೋಡಬೇಕು. ಗೋಡೆಯನ್ನು ಬಿಟ್ಟು ನಿಂತ ಗಾರೆ ಟೊಳ್ಳಾಗಿ ಸದ್ದು ಮಾಡುತ್ತದೆ. ಅದನ್ನು ಮಾತ್ರ ತೆಗೆಯಬೇಕು, ಗಟ್ಟಿಯಾಗಿರುವುದನ್ನು ಮುಟ್ಟಬಾರದು. ಲವಣದ ಹುಡಿಯನ್ನು ಒಣ ಕುಂಚದಿಂದ ಗುಡಿಸಿ ತೆಗೆಯಬೇಕು. ಅನೇಕರು ನೀರು ಹಾಕಿ ತೊಳೆಯುತ್ತಾರೆ. ಹೊರಬಂದ ಲವಣವನ್ನು ಕರಗಿಸಿ ಮತ್ತೆ ಗೋಡೆಯೊಳಕ್ಕೆ ಕಳುಹಿಸಿದಂತೆ ಅದು. ಇಟ್ಟಿಗೆಗಳ ಸಂದುಗಳಲ್ಲಿನ ಸಡಿಲವಾದ ಮಣ್ಣನ್ನು ಕೆರೆದು ತೆಗೆದರೆ ಹೊಸ ಗಾರೆಗೆ ಹಿಡಿತ ಸಿಗುತ್ತದೆ. ಗಾರೆ ಹಾಕುವುದಕ್ಕೆ ತುಸು ಮೊದಲು ಗೋಡೆಯನ್ನು ತೇವ ಮಾಡಬೇಕು. ಇಲ್ಲವಾದರೆ ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುತ್ತದೆ.

ಗಾರೆಗೆ ಸಾಮಾನ್ಯವಾಗಿ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಈ ಲೆಕ್ಕಕ್ಕೆ ಕಾರಣವನ್ನು ನೀವೇ ಮನೆಯಲ್ಲಿ ಕಂಡುಕೊಳ್ಳಬಹುದು. ಒಂದು ಲೋಟದ ತುಂಬ ಒಣ ಮರಳನ್ನು ಹಾಕಿ, ಇನ್ನೊಂದು ಅದೇ ಅಳತೆಯ ಲೋಟದಿಂದ ನೀರನ್ನು ಮೆಲ್ಲನೆ ಸುರಿಯಿರಿ. ಹೆಚ್ಚುಕಡಮೆ ಮೂರನೆಯ ಒಂದು ಲೋಟದಷ್ಟು ನೀರು ಹಿಡಿಸುತ್ತದೆ. ಮರಳಿನ ಕಣಗಳ ನಡುವಣ ಜಾಗ ಅಷ್ಟು. ಆ ಜಾಗವನ್ನು ತುಂಬುವಷ್ಟು ಸುಣ್ಣ ಬೇಕು. ಹೆಚ್ಚಾದರೆ ಗಾರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಮರಳು ಒರಟಾಗಿಯೂ ಉಪ್ಪಿಲ್ಲದೆಯೂ ಇರಬೇಕು. ಒಂದೇ ಸಲಕ್ಕೆ ದಪ್ಪವಾಗಿ ಮೆತ್ತದೆ ಒಂದು ಸೆಂಟಿಮೀಟರಿನ ಆಸುಪಾಸಿನ ತೆಳುವಾದ ಪದರಗಳನ್ನು, ಹಿಂದಿನದು ಬಿಗಿಯಾದ ಮೇಲೆ ಮುಂದಿನದೆಂಬಂತೆ ಹಾಕಬೇಕು. ಕೆಲವು ದಿನ ನೆರಳು ಮಾಡಿ ನೀರು ಚಿಮುಕಿಸುತ್ತಿರಬೇಕು. ಬಿರುಬೇಸಗೆಯೂ ಜಡಿಮಳೆಯೂ ಈ ಕೆಲಸಕ್ಕೆ ಸಲ್ಲವು. ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುವ ಪದ್ಧತಿ ನಮ್ಮಲ್ಲಿತ್ತು. ತಿಳಿದವರ ಕೈಯಲ್ಲಿ ಅದು ಒಳ್ಳೆಯದೇ. ಆದರೆ ನೀರಿನ ಮೂಲವನ್ನು ಹುಡುಕದವನ ಗೋಡೆಯನ್ನು ಬೆಲ್ಲವೂ ಉಳಿಸಲಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಸುಟ್ಟ ಸುಣ್ಣಕ್ಕೆ ನೀರೆರೆಯುವುದು ಮಕ್ಕಳ ಆಟವಲ್ಲ. ಕುದಿಯುವ ಸುಣ್ಣ ಸಿಡಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕಣ್ಣಿಗೆ ಕನ್ನಡಕ, ಕೈಗೆ ಚೀಲ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ವಿದ್ಯಾರ್ಥಿಗಳು ಅನುಭವಿಗಳ ಸಮಕ್ಷಮದಲ್ಲಿ ಅಲ್ಲದೆ ಮಾಡಲೇಬಾರದು.

ಕೊನೆಯದಾಗಿ ಸುಣ್ಣ ಬಳಿಯುವುದು. ಯುಗಾದಿಗೋ ದಸರೆಗೋ ಮೊದಲು ಮನೆಗೆ ಸುಣ್ಣ ಹೊಡೆಯಿಸುತ್ತಿದ್ದುದು ಬರಿಯ ಅಂದಕ್ಕಲ್ಲ. ತೆಳುವಾದ ಸುಣ್ಣದ ನೀರು ಕೂದಲೆಳೆಯ ಬಿರುಕುಗಳೊಳಕ್ಕೆ ಇಳಿದು ಅಲ್ಲಿ ಕಲ್ಲಾಗುತ್ತದೆ. ಅದರ ತೀಕ್ಷ್ಣವಾದ ಕ್ಷಾರಗುಣ ಬೂಷ್ಟನ್ನು ಕೊಲ್ಲುತ್ತದೆ. ಹೀಗೆ ಹಬ್ಬದ ಆಚಾರವೊಂದು ವಾರ್ಷಿಕ ದುರಸ್ತಿಯೂ ಆಗಿತ್ತು. ಆವಿಯನ್ನು ಬಿಡದ ಬಣ್ಣಗಳು ಬಂದು, ಹತ್ತು ವರ್ಷ ಗೋಡೆಯ ಕಡೆಗೆ ನೋಡುವುದೇ ಬೇಡವೆಂಬ ಭರವಸೆ ದೊರೆತ ಮೇಲೆ, ಗೋಡೆಯನ್ನು ವರ್ಷಕ್ಕೊಮ್ಮೆ ಕಣ್ಣಿಟ್ಟು ನೋಡುವ ಅಭ್ಯಾಸವೂ ಹೋಯಿತು. ಈ ನಷ್ಟ ಸುಣ್ಣದ ನಷ್ಟಕ್ಕಿಂತ ದೊಡ್ಡದೆಂದು ನಮಗೆ ತೋರುತ್ತದೆ.

ನಮ್ಮ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ಎಲ್ಲಿದ್ದಾರೆ? ತಿಂಗಳುಗಟ್ಟಲೆ ಕಾಯಲು ಯಾರಿಗೆ ಪುರಸೊತ್ತಿದೆ? ಖರ್ಚೂ ಹೆಚ್ಚಲ್ಲವೆ? ಈ ಪ್ರಶ್ನೆಗಳು ನ್ಯಾಯವಾದುವು. ಒಳ್ಳೆಯ ಸುಣ್ಣ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಕೆಲಸ ಬಲ್ಲವರು ವಿರಳ. ಇದನ್ನು ನಾವು ಒಪ್ಪುತ್ತೇವೆ. ಆದರೆ ಖರ್ಚನ್ನು ಒಂದು ಸಲದ ಕೂಲಿಯಿಂದ ಅಳೆಯುವುದು ಸರಿಯಲ್ಲ. ನಮ್ಮ ಪರಿಚಿತರು ಮೂರು ಸಲ ಅಗ್ಗದ ದುರಸ್ತಿ ಮಾಡಿಸಿ ಕೊನೆಗೆ ಮನೆಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದರು. ಕೆಲಸ ಬಲ್ಲವರು ವಿರಳರಾದುದಕ್ಕೆ ನಾವು ಅವರನ್ನು ಕರೆಯದೇ ಹೋದುದೇ ಕಾರಣ. ಕೇಳುವವರಿದ್ದರೆ ಕಲಿಯುವವರೂ ಇರುತ್ತಾರೆ.

ಸಿಮೆಂಟಿನಿಂದಲೇ ಕಟ್ಟಿದ ಹೊಸ ಮನೆಯವರು ಏನು ಮಾಡಬೇಕು? ಅವರ ಗೋಡೆಗೆ ಸಿಮೆಂಟಿನ ಗಾರೆಯೇ ಸಲ್ಲುತ್ತದೆ. ಆದರೆ ಅಲ್ಲಿಯೂ ತತ್ತ್ವ ಒಂದೇ. ಸಿಮೆಂಟು ಹೆಚ್ಚಾದಷ್ಟೂ ಗಾರೆ ಒಳ್ಳೆಯದೆಂಬುದು ಭ್ರಮೆ. ಹೆಚ್ಚಾದರೆ ಕುಗ್ಗುವಿಕೆಯೂ ಬಿರುಕೂ ಹೆಚ್ಚು. ಹಾಕಿದ ಗಾರೆಗೆ ವಾರವಾದರೂ ನೀರುಣಿಸಬೇಕು. ಬಿರುಕು ಕಂಡಾಗ ಅದು ಗಾರೆಯದೋ ಗೋಡೆಯದೋ ಎಂಬುದನ್ನು ತಿಳಿದು ಮುಂದುವರಿಯಬೇಕು. ವಸ್ತು ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಬೇರೆಯಲ್ಲ.

ಇದು ಮನೆಗಳ ಮಾತು ಮಾತ್ರವಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಗೋಪುರದಲ್ಲಿ ಕಲ್ಲಿನ ತಳದ ಮೇಲೆ ಎದ್ದಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ವಿಜಯಪುರದ ಗೋಲಗುಮ್ಮಟ 17ನೆಯ ಶತಮಾನದಿಂದ ನಿಂತಿರುವುದೂ ಸುಣ್ಣದ ಗಾರೆಯನ್ನು ನಂಬಿಯೇ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಎರಡೂ ಸುಣ್ಣದ ಗಾರೆಯ ಕಾಲದ ಕಟ್ಟಡಗಳು. ಆ ಕುಸಿತಗಳ ಕಾರಣವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಅವುಗಳನ್ನು ಉಳಿಸಬೇಕೋ ಕೆಡವಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದುದನ್ನು ನೋಡಿದಾಗ, ಕುಸಿದ ಮೇಲಿನ ಚರ್ಚೆಗಿಂತ ಕುಸಿಯುವ ಮೊದಲಿನ ಉಪಚಾರ ಎಷ್ಟು ಸುಲಭವೆಂಬ ಯೋಚನೆ ಬಾರದಿರದು. ಸಾರ್ವಜನಿಕ ಕಟ್ಟಡಗಳ ದುರಸ್ತಿಗೆ ಗುತ್ತಿಗೆ ಕೊಡುವ ಮೊದಲು ಹಳೆಯ ಗಾರೆ ಯಾವುದು, ನೀರು ಎಲ್ಲಿಂದ ಬರುತ್ತಿದೆ ಎಂಬ ಎರಡು ಪ್ರಶ್ನೆಗಳಿಗೆ ಬರೆಹದಲ್ಲಿ ಉತ್ತರವಿರಬೇಕೆಂದು ನಿಯಮ ಮಾಡುವುದು ಅವಶ್ಯಕ. ಕಟ್ಟಡ ನಿರ್ಮಾಣವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ತನ್ನ ಕೈಯಿಂದ ಸುಣ್ಣದ ಗಾರೆಯನ್ನು ಕಲಸಿ ಗೋಡೆಗೆ ಹಾಕಿರಬೇಕು. ಭಾರತೀಯ ಮಾನಕಗಳಲ್ಲಿ ಕಟ್ಟಡದ ಸುಣ್ಣಕ್ಕೆಂದೇ 712 ಸಂಖ್ಯೆಯ ಮಾನಕವಿದೆ. ಅದರಲ್ಲಿ ಸುಣ್ಣವನ್ನು ಗುಣಕ್ಕೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿದ್ದಾರೆ. ಮಾನಕ ಪುಸ್ತಕದಲ್ಲಿದ್ದು ಕರಣೆ ಕೈಯಲ್ಲಿಲ್ಲದಿದ್ದರೆ ಏನು ಪ್ರಯೋಜನ?

ಈಗ ಆ ಮೈಸೂರಿನ ಮನೆಯ ಕಥೆಯನ್ನು ಮುಗಿಸೋಣ. ಗೋಡೆಯ ಬುಡವನ್ನು ಅಗೆದು ನೋಡಿದಾಗ, ಮಾಡಿನ ನೀರನ್ನು ಮೋರಿಗೆ ಒಯ್ಯುವ ಕೊಳವೆ ನೆಲದೊಳಗೆ ಒಡೆದಿದ್ದುದು ಕಂಡುಬಂತು. ಹಲವು ವರ್ಷಗಳಿಂದ ಮಾಡಿನ ನೀರೆಲ್ಲ ತಳಪಾಯಕ್ಕೆ ಇಂಗುತ್ತಿತ್ತು. ಕೊಳವೆಯನ್ನು ಸರಿಪಡಿಸಿ, ಗೋಡೆಯ ಪಕ್ಕದ ಮಣ್ಣನ್ನು ಇಳಿಸಿ, ಸಿಮೆಂಟನ್ನು ಮೆಲ್ಲನೆ ಬಿಡಿಸಿ, ಒಂದು ಬೇಸಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟರು. ಆಮೇಲೆ ವಯಸ್ಸಾದ ಗಾರೆಯವರೊಬ್ಬರು ಬಂದು ಸುಣ್ಣದ ಗಾರೆಯನ್ನು ಹಾಕಿದರು. ಈಗಲೂ ಮಳೆಗಾಲದ ಕೊನೆಯಲ್ಲಿ ಬುಡದ ಗಾರೆ ಅಂಗೈಯಗಲ ಉದುರುವುದುಂಟು. ಮನೆಯವರು ಅದನ್ನು ಗುಡಿಸಿ, ಸುಣ್ಣ ಬಳಿದು, ಸುಮ್ಮನಾಗುತ್ತಾರೆ. ಉದುರುವುದು ಗಾರೆ, ಉಳಿದಿರುವುದು ಮನೆ. ಕೆಡವುವ ಮಾತನ್ನು ಈಗ ಯಾರೂ ಆಡುವುದಿಲ್ಲ.

ವಿದ್ಯಾರ್ಥಿ ಮಿತ್ರರು ಇಂದೇ ಒಂದು ಚಿಕ್ಕ ಪರೀಕ್ಷೆಯನ್ನು ಮಾಡಬಹುದು. ನಿಮ್ಮ ಬೀದಿಯಲ್ಲಿ ಬಣ್ಣ ಹಚ್ಚದ ಸಿಮೆಂಟಿನ ತೇಪೆಯಿರುವ ಹಳೆಯ ಗೋಡೆಯೊಂದನ್ನು ಹುಡುಕಿ, ಮನೆಯವರ ಅಪ್ಪಣೆ ಪಡೆದು, ಹಳೆಯ ಗಾರೆಯ ಮೇಲೊಂದು, ತೇಪೆಯ ಮೇಲೊಂದು ನೀರಿನ ಹನಿಯನ್ನು ಇಡಿ. ಯಾವುದು ಬೇಗ ಹೀರಿಕೊಳ್ಳುತ್ತದೆ, ತೇವ ಯಾವ ಎತ್ತರದಲ್ಲಿ ಕಾಣುತ್ತದೆ, ಬಿಳಿಯ ಹುಡಿ ತೇಪೆಯ ಮೇಲಿದೆಯೋ ಅದರ ಅಂಚಿನಲ್ಲಿದೆಯೋ ಎಂಬುದನ್ನು ಬರೆದಿಡಿ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಹೀಗೆ ನೋಡಿದರೆ ನಾವು ಹೇಳಿದುದು ಸರಿಯೋ ತಪ್ಪೋ ಎಂಬುದನ್ನು ಗೋಡೆಯೇ ತಿಳಿಸುತ್ತದೆ. ಆ ಬರೆದಿಟ್ಟುದನ್ನು ಮನೆಯವರಿಗೂ ಒಮ್ಮೆ ತೋರಿಸಿ. ಮುಂದಿನ ದುರಸ್ತಿಗೆ ಅವರು ಸಿಮೆಂಟಿನ ಚೀಲವನ್ನು ತರುವ ಮೊದಲು ಗೋಡೆಯ ಬುಡವನ್ನು ಅಗೆದು ನೋಡಿದರೆ ನಿಮ್ಮ ಶ್ರಮ ಸಾರ್ಥಕ.